ಎಣ್ಣೆಯ ನಾಡಿ

ಉಡುಪಿಯಿಂದ ಕುಂದಾಪುರದತ್ತ ಸಾಗುವ ಹೆದ್ದಾರಿಯಲ್ಲಿ ಮಾಬುಕಳದ ಸೇತುವೆಯನ್ನು ದಾಟಿ, ಸಾಲಿಗ್ರಾಮವನ್ನು ಹಿಂದಿಕ್ಕಿದ ಪ್ರಯಾಣಿಕನಿಗೆ ಕೋಟ ಎದುರಾಗುತ್ತದೆ. ಪಡುವಲಿಗೆ ಕಡಲು, ಮೂಡಲಿಗೆ ಗದ್ದೆ, ತೋಟ, ಅವುಗಳಾಚೆ ಸಹ್ಯಾದ್ರಿಯ ನೀಲಿ ಗೆರೆ. ಊರಿನ ಮಕ್ಕಳಲ್ಲಿ ಹಲವರು ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿ, ಹಬ್ಬಕ್ಕೋ ಮದುವೆಗೋ ಊರಿಗೆ ಬಂದು ಹೋಗುವವರು. ಹಾಗೆ ಬಂದುಹೋಗುವವರ ಮನೆಯ ಜಗಲಿಯ ಬದಿಯಲ್ಲಿ ಗೋಣಿತಾಟನ್ನು ಹೊದ್ದು, ಒಡೆಯನ ಬರವನ್ನು ಕಾಯುತ್ತ ನಿಂತ ಹಳೆಯ ಬುಲೆಟ್ ಮೋಟಾರು ಸೈಕಲ್ಲುಗಳೂ ಉಂಟು. ತಂದೆಯ ಕಾಲದ ಆ ವಾಹನವನ್ನು ಮಾರಲು ಮನಸ್ಸಿಲ್ಲ. ಇದ್ದಂತೆಯೇ ಓಡಿಸಲು ಹರೆಯಕ್ಕೆ ತಾಳ್ಮೆಯಿಲ್ಲ. ಆದುದರಿಂದ ಅದರ ಇಂಜಿನನ್ನು ಬಿಚ್ಚಿ, ಹಿಗ್ಗಿಸಿ, ಬಲಪಡಿಸುವ ಹವ್ಯಾಸವೊಂದು ಕರಾವಳಿಯಲ್ಲೂ ಹಬ್ಬಿದೆ. ಹವ್ಯಾಸದಲ್ಲಿ ತಪ್ಪೇನೂ ಇಲ್ಲ. ಆದರೆ ಹಿಗ್ಗಿದ ಇಂಜಿನಿನ ಆರೋಗ್ಯವನ್ನು ಅಳೆಯುವ ಬಗೆ ಮಾತ್ರ ಹಳೆಯ ಅಂದಾಜಿಗೆ ಸಿಕ್ಕುವಂಥದಲ್ಲ.

ಯಂತ್ರದ ಮಾತು ಕೋಟದ ಜಗಲಿಗೆ ಹೊಸದೆಂದು ಯಾರೂ ಭಾವಿಸಬೇಕಾಗಿಲ್ಲ. 1902ರಲ್ಲಿ ಇದೇ ಊರಿನಲ್ಲಿ ಜನಿಸಿದ ಶಿವರಾಮ ಕಾರಂತರು ಕಾದಂಬರಿ, ಯಕ್ಷಗಾನಗಳ ನಡುವೆ ಬಿಡುವು ಮಾಡಿಕೊಂಡು ‘ವಿಜ್ಞಾನ ಪ್ರಪಂಚ’ವನ್ನು ಕನ್ನಡದ ಮನೆಮನೆಗೆ ಒಯ್ದವರು. ಕನ್ನಡದಲ್ಲಿ ಯಂತ್ರವನ್ನು ವಿವರಿಸಲಾಗದು ಎನ್ನುವವರಿಗೆ ಉತ್ತರ ಅಲ್ಲಿಯೇ ದೊರೆತಾಗಿದೆ.

ಬುಲೆಟ್ಟಿನ ವಂಶಾವಳಿ ಸಂಕ್ಷೇಪವಾಗಿ ಹೀಗೆ: ಇಂಗ್ಲೆಂಡಿನ ರೆಡಿಚ್ ಪಟ್ಟಣದ ರಾಯಲ್ ಎನ್‌ಫೀಲ್ಡ್ ಸಂಸ್ಥೆಯೂ ಮದರಾಸಿನ ಮದ್ರಾಸ್ ಮೋಟಾರ್ಸ್ ಸಂಸ್ಥೆಯೂ ಸೇರಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಎಂಬ ಕಂಪನಿಯನ್ನು ಕಟ್ಟಿದವು. ತವರಿನ ಕಾರ್ಖಾನೆ ಮುಚ್ಚಿಹೋದ ಮೇಲೂ ಮದರಾಸಿನಲ್ಲಿ ಬುಲೆಟ್ ಹುಟ್ಟುತ್ತಲೇ ಇತ್ತು. ಎರಕದ ಕಬ್ಬಿಣದ ಸಿಲಿಂಡರಿನ ಆ ಹಳೆಯ ಇಂಜಿನು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದವರೆಗೂ ಬಾಳಿತು. ಸಿಲಿಂಡರಿನ ಒಳ ಅಗಲ 70 ಮಿಲಿಮೀಟರು, ಪಿಸ್ಟನ್ನಿನ ಓಟ 90 ಮಿಲಿಮೀಟರು, ಒಟ್ಟು ಗಾತ್ರ 346 ಘನ ಸೆಂಟಿಮೀಟರು.

ಮೈಸೂರಿನ ಜಾವಾ, ಯೆಜ್ಡಿಗಳನ್ನು ಓಡಿಸಿದ ಹಿರಿಯರು ಇಲ್ಲಿ ಒಂದು ಸಂದೇಹವನ್ನು ಎತ್ತಬಹುದು. 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಆ ವಾಹನಗಳಿಗೆ ಎಣ್ಣೆಯ ಒತ್ತಡವೆಂಬ ಪೀಡೆಯೇ ಇರಲಿಲ್ಲವಲ್ಲ! ನಿಜ. ಅವು ಎರಡು ಹೊಡೆತದ ಇಂಜಿನುಗಳು; ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಬೇರಿಂಗುಗಳನ್ನು ಸವರಿಕೊಂಡು ಹೋಗಿ ಹೊಗೆಯಾಗಿ ಹೊರಬೀಳುತ್ತಿತ್ತು. ಪಂಪೂ ಇಲ್ಲ, ಒತ್ತಡವೂ ಇಲ್ಲ. ಬುಲೆಟ್ಟಿನದು ನಾಲ್ಕು ಹೊಡೆತದ ಸಂಸಾರ. ಅದರಲ್ಲಿ ಎಣ್ಣೆ ಸುಡುವುದಿಲ್ಲ, ಸುತ್ತುತ್ತದೆ. ಇಂಜಿನಿನ ಎರಕದೊಳಗೇ ಒಂದು ತೊಟ್ಟಿ. ಅಲ್ಲಿಂದ ಎಣ್ಣೆಯನ್ನು ಎತ್ತಿ ಕ್ರ್ಯಾಂಕಿನ ದೊಡ್ಡ ಬೇರಿಂಗಿಗೆ, ಎಂದರೆ ‘ಬಿಗ್ ಎಂಡ್’ ಎಂದು ಮೇಸ್ತ್ರಿಗಳು ಕರೆಯುವ ಸಂಧಿಗೆ, ಉಣಿಸುವುದು ಒಂದು ಪಂಪು. ತಳಕ್ಕೆ ಸುರಿದ ಎಣ್ಣೆಯನ್ನು ಬಳಿದು ಮರಳಿ ತೊಟ್ಟಿಗೆ ಸೇರಿಸುವುದು ಇನ್ನೊಂದು. ಎರಡೂ ಕೊಂತದಂತೆ ಆಡುವ ಪುಟ್ಟ ದಂಡಗಳು. ಕ್ರ್ಯಾಂಕಿನ ತುದಿಯ ತಿರುಪುಹಲ್ಲು ಅವನ್ನು ನಿಧಾನವಾಗಿ ನಡೆಸುತ್ತದೆ. ಬಳಿಯುವ ಪಂಪಿಗೆ ಉಣಿಸುವ ಪಂಪಿಗಿಂತ ಹೆಚ್ಚಿನ ಶಕ್ತಿ ಇರಬೇಕು. ಇಲ್ಲವಾದರೆ ತಳದಲ್ಲಿ ಎಣ್ಣೆ ತುಂಬಿ ಇಂಜಿನು ಮುಳುಗುವುದು.

ಈಗ ಪರಿಷ್ಕರಣದ ಲೆಕ್ಕ. 70 ಮಿಲಿಮೀಟರಿನ ಜಾಗದಲ್ಲಿ 84 ಮಿಲಿಮೀಟರಿನ ಪಿಸ್ಟನ್ನನ್ನು ಕೂರಿಸಿದರೆ 500ರ ಇಂಜಿನಾಗುತ್ತದೆ. 87 ಮಿಲಿಮೀಟರಿನದನ್ನು ಕೂರಿಸಿದರೆ 535. ಹದಿನಾಲ್ಕು ಮಿಲಿಮೀಟರು ಎಂದರೆ ಒಂದು ಹೆಬ್ಬೆರಳಿನ ಅಗಲವೂ ಇಲ್ಲ. ಆದರೆ ಅಗಲದ ವರ್ಗದಂತೆ ಪಿಸ್ಟನ್ನಿನ ನೆತ್ತಿಯ ವಿಸ್ತೀರ್ಣ ಬೆಳೆಯುವುದರಿಂದ ಅದು ನೂರಕ್ಕೆ 44ರಷ್ಟು ಹೆಚ್ಚುತ್ತದೆ. ಉರಿಯುವ ಅನಿಲದ ಒತ್ತಡ ಅಷ್ಟೇ ಇದ್ದರೂ ಕೆಳಗಿನ ಬೇರಿಂಗಿನ ಮೇಲೆ ಬೀಳುವ ಗುದ್ದು ಅದೇ ಪ್ರಮಾಣದಲ್ಲಿ ಏರುತ್ತದೆ, ಶಾಖವೂ ಏರುತ್ತದೆ. ಎಣ್ಣೆಯ ಪಂಪು ಮಾತ್ರ ತಾತನ ಕಾಲದ್ದು! ಬುದ್ಧಿವಂತನಾದ ಒಡೆಯ ಆಗ ಹೆಚ್ಚು ಶಕ್ತಿಯ ಪಂಪುಗಳನ್ನು ಹಾಕಿಸುತ್ತಾನೆ, ಎಣ್ಣೆಯನ್ನು ತಣಿಸುವ ಜಾಲರಿಯನ್ನು ಕಟ್ಟಿಸುತ್ತಾನೆ. ಕೊನೆಗೆ ಹಿಡಿಕೆಯ ಮೇಲೆ ಹೊಳೆಯುವ ಒತ್ತಡಮಾಪಕವೊಂದನ್ನೂ ಕೂರಿಸುತ್ತಾನೆ. ಅಂದಿನಿಂದ ಅವನ ನೆಮ್ಮದಿ ಹೋಯಿತೆಂದೇ ಹೇಳಬೇಕು. ಮೊದಲು ರಸ್ತೆಯನ್ನು ನೋಡುತ್ತಿದ್ದವನು ಈಗ ಮುಳ್ಳನ್ನು ನೋಡುತ್ತಾನೆ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ, ಊರಿನ ಬುಲೆಟ್ಟನ್ನು ಹೀಗೆ ಹಿಗ್ಗಿಸಿದ ಕೋಟದ ತರುಣನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಹಾಲಾಡಿ, ಸಿದ್ದಾಪುರ, ಹೊಸಂಗಡಿಗಳ ದಾರಿಯಾಗಿ ಬಾಳೆಬರೆ ಘಾಟಿಯನ್ನೇರಿ ಮಾಸ್ತಿಕಟ್ಟೆಯನ್ನು ಮುಟ್ಟಬೇಕೆಂಬುದು ಅವನ ಆಸೆ. ಬೆಳಗ್ಗೆ ಮುಳ್ಳು ಎತ್ತರದಲ್ಲಿತ್ತು. ಬಿಸಿಲೇರಿ ಹತ್ತು ಮೈಲಿ ಓಡಿಸುವಷ್ಟರಲ್ಲಿ ಅದು ಸೊನ್ನೆಯ ಸಮೀಪಕ್ಕೆ ಇಳಿದಿದೆ. ಮುಂದುವರಿಯಬೇಕೆ, ಮರಳಬೇಕೆ? ಹಿಂದಿನ ಪೀಠದಲ್ಲಿ ತಂಗಿಯೋ ಹೆಂಡತಿಯೋ ಕುಳಿತಿದ್ದರೆ ಪ್ರಶ್ನೆ ಇನ್ನಷ್ಟು ಗಂಭೀರವಾಗುತ್ತದೆ. ಎಣ್ಣೆಯಿಲ್ಲದೆ ದೊಡ್ಡ ಬೇರಿಂಗು ಬಿಗಿದುಕೊಂಡರೆ ಇಂಜಿನು ಮಾತ್ರ ನಿಲ್ಲುವುದಿಲ್ಲ. ಸರಪಣಿಯ ಮೂಲಕ ಹಿಂದಿನ ಚಕ್ರವೂ ಒಮ್ಮೆಲೇ ಸ್ತಂಭಿಸುತ್ತದೆ. ಆ ಕ್ಷಣದಲ್ಲಿ ಎಡಗೈ ತಡಮಾಡದೆ ಕ್ಲಚ್ಚನ್ನು ಹಿಡಿಯದಿದ್ದರೆ, ಘಾಟಿಯ ತಿರುವಿನಲ್ಲಿ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ.

ಉತ್ತರಕ್ಕೆ ಮುನ್ನ ಒತ್ತಡವೆಂದರೇನು ಎಂಬುದು ತಿಳಿಯಬೇಕು. ಪಂಪು ಒತ್ತಡವನ್ನು ಉತ್ಪಾದಿಸುತ್ತದೆ ಎಂಬುದು ಜನರ ಸಾಮಾನ್ಯ ನಂಬಿಕೆ. ಪಂಪು ಉತ್ಪಾದಿಸುವುದು ಹರಿವನ್ನು ಮಾತ್ರ. ಆ ಹರಿವಿಗೆ ದಾರಿಯಲ್ಲಿ ಎದುರಾಗುವ ಅಡ್ಡಿಯೇ ಒತ್ತಡವಾಗಿ ತೋರುತ್ತದೆ. ತೋಟಕ್ಕೆ ನೀರು ಬಿಡುವ ರಬ್ಬರು ಕೊಳವೆಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದ ಮಗುವಿಗೂ ಇದು ಗೊತ್ತು: ನೀರು ಚಿಮ್ಮುತ್ತದೆ, ಆದರೆ ಕೊಡ ತುಂಬುವುದು ತಡವಾಗುತ್ತದೆ.

ಇದಕ್ಕೆ ಸಂಬಂಧಿಸಿದ ಒಂದು ಸ್ವಾರಸ್ಯವಾದ ಚರಿತ್ರೆಯಿದೆ. 1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬ್ಯೂಚಾಂಪ್ ಟವರ್ ಎಂಬ ಎಂಜಿನಿಯರು ರೈಲುಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದ. ಎಣ್ಣೆಯನ್ನು ಹನಿಸಲೆಂದು ಬೇರಿಂಗಿನ ನೆತ್ತಿಯಲ್ಲಿ ರಂಧ್ರವೊಂದನ್ನು ಕೊರೆದ. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಗೆ ಹೋಗುವ ಬದಲು ಆ ರಂಧ್ರದಿಂದಲೇ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿ ಮುಚ್ಚಿದರೆ ಬಿರಡೆಯನ್ನೇ ಹೊರಗೆ ತಳ್ಳಿತು. ಕುತೂಹಲಗೊಂಡ ಆತ ಮಾಪಕವನ್ನು ಜೋಡಿಸಿ ನೋಡಿದಾಗ ಮುಳ್ಳು ಚದರ ಅಂಗುಲಕ್ಕೆ 200 ಪೌಂಡನ್ನೂ ಮೀರಿತು. ಯಾವ ಪಂಪೂ ಅಲ್ಲಿರಲಿಲ್ಲ! ತಿರುಗುವ ಅಚ್ಚೇ ಎಣ್ಣೆಯನ್ನು ಬೆಣೆಯಂತೆ ತನ್ನಡಿಗೆ ಎಳೆದುಕೊಂಡು, ತೆಳುವಾದ ಪೊರೆಯೊಂದರ ಮೇಲೆ ತೇಲುತ್ತಿತ್ತು. ಮೂರು ವರ್ಷಗಳ ತರುವಾಯ, 1886ರಲ್ಲಿ, ಆಸ್ಬರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ಬಿಡಿಸಿದ.

ಬುಲೆಟ್ಟಿನ ಒಡೆಯನಿಗೆ ಇದರಿಂದ ದೊರೆಯುವ ಸಮಾಧಾನವಿಷ್ಟು: ಪಿಸ್ಟನ್ನಿನ ಗುದ್ದನ್ನು ಹೊರುವುದು ಪಂಪಿನ ಒತ್ತಡವಲ್ಲ, ಬೇರಿಂಗಿನೊಳಗೆ ತಾನಾಗಿ ಹುಟ್ಟುವ ಆ ಪೊರೆ. ಪಂಪಿನ ಕೆಲಸ ಪೊರೆಗೆ ಬೇಕಾದ ಎಣ್ಣೆಯನ್ನು ತಪ್ಪದೆ ತಲಪಿಸುವುದು. ಆದ್ದರಿಂದಲೇ ಹಳೆಯ ಬುಲೆಟ್ಟಿನಲ್ಲಿ, ಎಣ್ಣೆ ಚೆನ್ನಾಗಿ ಕಾದಮೇಲೆ, ಮಂದಗತಿಯಲ್ಲಿ ಕೆಲವೇ ಪೌಂಡುಗಳ ಒತ್ತಡವಿದ್ದರೂ ಇಂಜಿನು ಬಾಳುತ್ತದೆ. ಮೋಟಾರು ಕಾರಿನ 100 ಪೌಂಡಿನ ಮಾಪಕವನ್ನು ತಂದು ಕೂರಿಸಿದರೆ ಮುಳ್ಳು ಮಲಗಿಯೇ ಇರುತ್ತದೆ. ಒಡೆಯನಿಗೆ ನಿದ್ದೆ ಬರುವುದಿಲ್ಲ. ಕೊಂತದ ಪಂಪು ಎಣ್ಣೆಯನ್ನು ಮಿಡಿಮಿಡಿದು ಕಳುಹಿಸುವುದರಿಂದ ಮಂದಗತಿಯಲ್ಲಿ ಮುಳ್ಳು ನಡುಗುವುದೂ ಸಹಜವೇ.

ಅನುಭವಿ ಮೇಸ್ತ್ರಿಯ ಮೊದಲ ಸಂದೇಹ ಇಂಜಿನಿನ ಮೇಲಲ್ಲ, ಮಾಪಕದ ಮೇಲೆ. ಒಡೆಯ ಸ್ಪಾನರು ಹಿಡಿದು ಆತುರಪಟ್ಟರೆ ‘ಹ್ವಾಯ್, ಮೊದ್ಲ್ ಕಾಂಬ’ ಎಂದು ತಡೆಯುವುದೇ ಅವನ ಮೊದಲ ಚಿಕಿತ್ಸೆ. 1849ರಲ್ಲಿ ಪ್ಯಾರಿಸಿನ ಯೂಜೀನ್ ಬೂರ್ದೋನ್ ಹಕ್ಕುಪತ್ರ ಪಡೆದ ಈ ಸಾಧನದ ಒಳಗಿರುವುದು ಬಾಗಿದ ಚಪ್ಪಟೆ ಕೊಳವೆ. ಒತ್ತಡ ಬಂದಾಗ ಅದು ನೆಟ್ಟಗಾಗಲು ಯತ್ನಿಸಿ ಮುಳ್ಳನ್ನು ತಿರುಗಿಸುತ್ತದೆ. ಒಂಟಿ ಸಿಲಿಂಡರಿನ ಅದಿರಾಟದಲ್ಲಿ ವರ್ಷಗಟ್ಟಲೆ ಕುಣಿದ ಕೊಳವೆ ನಿಜವನ್ನೇ ನುಡಿಯುತ್ತದೆಂಬ ಭರವಸೆಯೇನು? ನೆಚ್ಚಿಕೆಯ ಇನ್ನೊಂದು ಮಾಪಕವನ್ನು ಅದೇ ರಂಧ್ರಕ್ಕೆ ಜೋಡಿಸಿ ನೋಡುವುದಕ್ಕೆ ಹತ್ತು ನಿಮಿಷ ಸಾಕು. ಮಾಪಕಕ್ಕೆ ಹೋಗುವ ಗಟ್ಟಿ ತಾಮ್ರದ ಕೊಳವೆಯನ್ನೂ ಆಗಲೇ ಕಣ್ಣಿಟ್ಟು ನೋಡಬೇಕು. ತಾಮ್ರ ಅದಿರಾಟದಿಂದ ಪೆಡಸಾಗಿ, ಒಂದು ದಿನ ಸದ್ದಿಲ್ಲದೆ ಸೀಳುತ್ತದೆ. ಇಂಜಿನನ್ನು ಕಾಯಲು ಬಂದ ಮಾಪಕವೇ ಎಣ್ಣೆಯನ್ನೆಲ್ಲ ಹಿಂದಿನ ಟೈರಿನ ಮೇಲೆ ಸುರಿಯುವಂತಾಗುವುದು. ಮಣಿಯುವ ರಬ್ಬರು ಕೊಳವೆಯೇ ಲೇಸು.

ಎರಡನೆಯದು ಎಣ್ಣೆ. 20ಡಬ್ಲ್ಯು-50 ಎಂಬ ದರ್ಜೆಯ ಎಣ್ಣೆ, ಒಲೆಯ ಬಳಿಯ ಬೆಣ್ಣೆಯಂತೆ, ಕಾದಷ್ಟೂ ತೆಳುವಾಗುತ್ತದೆ. ಶಾಖ 40 ಡಿಗ್ರಿಯಿದ್ದಾಗಿನ ಅದರ ಸ್ನಿಗ್ಧತೆ 100 ಡಿಗ್ರಿಯಲ್ಲಿ ಇರುವುದಕ್ಕಿಂತ ಸುಮಾರು ಎಂಟೊಂಬತ್ತು ಪಟ್ಟು ಹೆಚ್ಚು. ಅಂದಮೇಲೆ ಬೆಳಗಿನ ಮುಳ್ಳಿಗೂ ಮಧ್ಯಾಹ್ನದ ಮುಳ್ಳಿಗೂ ಹೋಲಿಕೆಯೇ ಸಲ್ಲದು. ಹೋಲಿಸಬೇಕಾದ್ದು ಇಂದಿನ ಬಿಸಿಯನ್ನು ಕಳೆದ ತಿಂಗಳ ಬಿಸಿಯೊಡನೆ, ಅದೂ ಒಂದೇ ವೇಗದಲ್ಲಿ. ತರುಣನ ಬಳಿ ಅಂಥ ಹಳೆಯ ಟಿಪ್ಪಣಿಯೇ ಇಲ್ಲದಿದ್ದರೆ ರೋಗಿಯ ಹಳೆಯ ಚೀಟಿಯಿಲ್ಲದ ವೈದ್ಯನಂತೆ ಮೇಸ್ತ್ರಿ ಕತ್ತಲಲ್ಲಿ ತಡಕಬೇಕಾಗುತ್ತದೆ. ಎಣ್ಣೆಗೆ ಪೆಟ್ರೋಲಿನ ವಾಸನೆಯಿದ್ದರೆ ಕಾರ್ಬುರೇಟರು ಸೋರಿ ಅದನ್ನು ತೆಳುವಾಗಿಸಿದೆ. ಹಾಲಿನಂತೆ ಬಿಳುಪೇರಿದ್ದರೆ ನೀರು ಸೇರಿದೆ. ಈ ಎರಡನೆಯದು ಕರಾವಳಿಯ ಮಳೆಗಾಲದ ವಿಶೇಷ ಉಡುಗೊರೆ: ಕೋಟದಿಂದ ಸಾಲಿಗ್ರಾಮದ ಪೇಟೆಗೆ ಹೋಗಿ ಬರುವಷ್ಟರಲ್ಲಿ ಇಂಜಿನು ಪೂರ್ತಿ ಕಾಯುವುದಿಲ್ಲ, ಒಳಗೆ ಹನಿಗಟ್ಟಿದ ತೇವ ಆವಿಯಾಗಿ ಹೊರಹೋಗುವುದಿಲ್ಲ. ಆಷಾಢವಿಡೀ ಹೀಗೆ ನಡೆದರೆ ಎಣ್ಣೆ ಮಜ್ಜಿಗೆಯಾಗುವುದರಲ್ಲಿ ಆಶ್ಚರ್ಯವಿಲ್ಲ.

ಎಣ್ಣೆಯ ಮಟ್ಟವನ್ನು ನೋಡುವುದರಲ್ಲೂ ಒಂದು ಮೋಸವಿದೆ. ತಿಂಗಳುಗಟ್ಟಲೆ ಜಗಲಿಯ ಬದಿಯಲ್ಲಿ ನಿಂತ ಬುಲೆಟ್ಟಿನ ತೊಟ್ಟಿಯಿಂದ ಎಣ್ಣೆ, ಪಂಪಿನ ಸಂದಿನಲ್ಲಿ ಮೆಲ್ಲನೆ ನುಸುಳಿ, ತಳಕ್ಕೆ ಇಳಿದಿರುತ್ತದೆ. ಊರಿಗೆ ಬಂದ ಒಡೆಯ ಅಳತೆಗಡ್ಡಿಯನ್ನು ಅದ್ದಿ, ತೊಟ್ಟಿ ಬರಿದಾಗಿದೆಯೆಂದು ಹೊಸ ಎಣ್ಣೆಯನ್ನು ಸುರಿಯುತ್ತಾನೆ. ಕಿಕ್ಕು ಹೊಡೆದಾಗ ಊರೆಲ್ಲ ಹೊಗೆ! ಇಂಜಿನನ್ನು ಹತ್ತು ನಿಮಿಷ ಓಡಿಸಿ, ಮೇಲಕ್ಕೆ ಮರಳಬೇಕಾದ ಎಣ್ಣೆ ಮರಳಿದ ಮೇಲೆಯೇ ಗಡ್ಡಿಯನ್ನು ಅದ್ದತಕ್ಕದ್ದು.

ಇಷ್ಟೆಲ್ಲ ಸರಿಯಿದ್ದೂ ಒತ್ತಡ ಕಡಿಮೆಯಾಗಿದ್ದರೆ ಮುಳ್ಳಿನ ನಡೆಯನ್ನು ಓದಬೇಕು. ಮಂದಗತಿಯಲ್ಲಿ ಇಳಿದು, ವೇಗ ಹೆಚ್ಚಿದಂತೆ ತಕ್ಕಷ್ಟು ಏರುತ್ತಿದ್ದರೆ ಪಂಪು ಬದುಕಿದೆ. ಎಣ್ಣೆ ತೆಳುವಾಗಿದೆ ಅಥವಾ ಬೇರಿಂಗಿನ ಸಂದು ಸವೆದು ದೊಡ್ಡದಾಗಿದೆ. ವೇಗ ಹೆಚ್ಚಿದರೂ ಏರದಿದ್ದರೆ ಎಲ್ಲೋ ದೊಡ್ಡ ಸೋರಿಕೆಯಿದೆ ಅಥವಾ ಪಂಪು ಸೋತಿದೆ. ವೇಗ ಹೆಚ್ಚಿದಾಗ ಇನ್ನೂ ಇಳಿದರೆ ಪಂಪಿನ ಬಾಯಿಗೇ ಎಣ್ಣೆ ಸಾಲದು: ಜಾಲರಿ ಕಟ್ಟಿದೆ, ಇಲ್ಲವೇ ಅದು ಗಾಳಿಯನ್ನು ಹೀರುತ್ತಿದೆ.

ಪರಿಷ್ಕೃತ ಇಂಜಿನಿನಲ್ಲಿ ಇನ್ನೊಂದು ತೊಡಕು. ಹಳೆಯ ಬುಲೆಟ್ಟಿನ ದೊಡ್ಡ ಬೇರಿಂಗು ತೇಲುವ ಬಳೆಯ ಮಾದರಿಯದು. ಅದರ ಕಿರಿದಾದ ಸಂದುಗಳು ಎಣ್ಣೆಗೆ ತಡೆಯೊಡ್ಡುತ್ತಿದ್ದವು. ಅದನ್ನು ಕಿತ್ತು ಉರುಳೆಗಳ ಬೇರಿಂಗನ್ನು ಹಾಕಿಸಿದವನಿಗೆ ಮುಳ್ಳು ಇಳಿದು ಕಂಡರೆ ಅದು ರೋಗವಲ್ಲ. ಉರುಳೆಗಳ ನಡುವೆ ಎಣ್ಣೆ ಸರಾಗವಾಗಿ ಹರಿಯುತ್ತದೆ, ಅಡ್ಡಿಯಿಲ್ಲದಲ್ಲಿ ಒತ್ತಡವೂ ಇಲ್ಲ. ಉರುಳೆಗಳಿಗೆ ಬೇಕಾದ್ದು ಎಣ್ಣೆಯೇ ಹೊರತು ಒತ್ತಡವಲ್ಲ. ಹಳೆಯ ಅಂಕೆಯನ್ನು ಮರಳಿ ಪಡೆಯಲೆಂದು ದಪ್ಪ ಎಣ್ಣೆ ಸುರಿಯುವವರೂ, ಒತ್ತಡ ಬಿಡಿಸುವ ಕವಾಟವಿರುವ ಇಂಜಿನುಗಳಲ್ಲಿ ಅದರ ಸ್ಪ್ರಿಂಗನ್ನು ಬಿಗಿಸುವವರೂ ಉಂಟು. ಮುಳ್ಳೇನೋ ಏರುತ್ತದೆ. ಜ್ವರವಿಳಿಸಲು ಜ್ವರಮಾಪಕವನ್ನು ತಣ್ಣೀರಿಗೆ ಅದ್ದುವ ವೈದ್ಯನಿಗೂ ಇವರಿಗೂ ಭೇದ ಅಷ್ಟಕ್ಕಷ್ಟೇ.

ಕಡಿಮೆ ಒತ್ತಡ ಒಡೆಯನನ್ನು ಹೆದರಿಸುತ್ತದೆ. ಹೆಚ್ಚಿನ ಒತ್ತಡ ಅವನನ್ನು ಸಂತೋಷಪಡಿಸುತ್ತದೆ. ನಿಜವಾದ ಅಪಾಯ ಅಡಗಿರುವುದು ಈ ಎರಡನೆಯದರಲ್ಲಿ. ಮಾಪಕದ ರಂಧ್ರ ಸಾಮಾನ್ಯವಾಗಿ ಪಂಪಿಗೂ ಬೇರಿಂಗಿಗೂ ನಡುವೆ ಎಲ್ಲೋ ಇರುತ್ತದೆ. ಆ ರಂಧ್ರದ ಮುಂದೆ ದಾರಿ ಕಟ್ಟಿಕೊಂಡರೆ ಏನಾಗುವುದು? ಪಂಪು ತಳ್ಳುತ್ತಲೇ ಇರುತ್ತದೆ, ಎಣ್ಣೆಗೆ ಹೋಗಲು ಎಡೆಯಿಲ್ಲ, ಮುಳ್ಳು ಗಗನಕ್ಕೇರುತ್ತದೆ, ಬೇರಿಂಗು ಒಣಗಿ ಸಾಯುತ್ತದೆ. ‘ಒತ್ತಡ ಭೇಷಾಗಿದೆ’ ಎಂದು ಬೆನ್ನು ತಟ್ಟಿಕೊಳ್ಳುವ ಹೊತ್ತಿಗೆ ಒಳಗಿನಿಂದ ಆಳವಾದ ಬಡಿತ ಕೇಳಿಸತೊಡಗುತ್ತದೆ.

ಹೀಗೆ ಕಟ್ಟಿಕೊಳ್ಳುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಪಕ್ಕದ ಟೈಮಿಂಗ್ ಕವಚವನ್ನು ಮುಚ್ಚುವಾಗ ಕಾಗದದ ಗ್ಯಾಸ್ಕೆಟ್ಟಿನ ತೂತು ಎಣ್ಣೆಯ ತೂತಿಗೆ ಸರಿಯಾಗಿ ಕೂರದಿದ್ದರೆ ಸಾಕು. ಇತ್ತೀಚಿನ ದಿನಗಳಲ್ಲಿ ಗ್ಯಾಸ್ಕೆಟ್ಟಿಗೆ ಧಾರಾಳವಾಗಿ ಬಳಿಯುವ ಅಂಟು ಇನ್ನೂ ಅಪಾಯಕಾರಿ. ಹೊರಗೆ ಹಿಸುಕಿ ಬಂದದ್ದನ್ನು ಬಟ್ಟೆಯಿಂದ ಒರೆಸಿ ಅಂದಗೊಳಿಸುತ್ತಾರೆ. ಅಷ್ಟೇ ಅಂಟು ಒಳಗೂ ಹಿಸುಕಿ ಹೋಗಿ, ಕಳಚಿ, ಎಣ್ಣೆಯ ನಾಳದಲ್ಲಿ ಬಿರಡೆಯಾಗುವುದನ್ನು ಯಾರು ನೋಡುತ್ತಾರೆ? ಇಂಥಲ್ಲಿ ಮೇಸ್ತ್ರಿ ಮುಳ್ಳನ್ನು ಬಿಟ್ಟು ಹರಿವನ್ನು ಹುಡುಕುತ್ತಾನೆ. ಕವಚದ ಬಿರಡೆಯನ್ನು ಸಡಿಲಿಸಿ ಎಣ್ಣೆ ಅಲ್ಲಿಗೆ ಬರುತ್ತಿದೆಯೆ ಎಂದು ನೋಡುತ್ತಾನೆ. ಮೇಲೆ ರಾಕರುಗಳಿಗೆ ಹೋಗುವ ಹೊರಕೊಳವೆಯ ಬೋಲ್ಟನ್ನು ತುಸು ತಿರುಗಿಸಿ ಅಲ್ಲಿ ಜಿನುಗುತ್ತಿದೆಯೆ ಎಂದು ನೋಡುತ್ತಾನೆ.

ಕವಚವನ್ನು ಬಿಚ್ಚಿದ ಮೇಲೆ ಮೊದಲು ಪರೀಕ್ಷಿಸಬೇಕಾದ್ದು ಕೆಲವೇ ರೂಪಾಯಿಗಳ ಒಂದು ಪುಟ್ಟ ಬಳೆ. ಕವಚದಿಂದ ತಿರುಗುವ ಕ್ರ್ಯಾಂಕಿನೊಳಕ್ಕೆ ಎಣ್ಣೆ ದಾಟುವ ಜಾಗದಲ್ಲಿ ಬಿರಡೆಮರದ ಅಥವಾ ರಬ್ಬರಿನ ಮುದ್ರೆಯೊಂದು ಇರುತ್ತದೆ. ಕವಚ ತೆಗೆದಾಗಲೆಲ್ಲ ಅದನ್ನು ಬದಲಿಸಬೇಕು. ಹಳೆಯದನ್ನೇ ಮರಳಿ ಕೂರಿಸಿದರೆ ಎಣ್ಣೆ ಕ್ರ್ಯಾಂಕಿನೊಳಗೆ ಹೋಗದೆ ಅಲ್ಲಿಯೇ ಸುರಿದುಹೋಗುತ್ತದೆ. ಮುಳ್ಳು ಇಳಿಯುತ್ತದೆ, ಬೇರಿಂಗು ಉಪವಾಸ ಬೀಳುತ್ತದೆ. ಸಾವಿರಾರು ರೂಪಾಯಿಗಳ ಪಿಸ್ಟನ್ನು, ಕ್ಯಾಮು, ಪಂಪುಗಳನ್ನು ತರಿಸಿದವನು ಈ ಬಳೆಗಾಗಿ ಇನ್ನೊಂದು ದಿನ ಕಾಯಲಾರದೆ ಇಂಜಿನನ್ನೇ ಬಲಿಗೊಡುವುದು ವಿಚಿತ್ರವಾದರೂ ಅಪರೂಪವಲ್ಲ. ಅನಂತರ ಪಂಪಿನ ಬಿಲ್ಲೆಗಳು. ಅವು ಕೂರುವ ಮೈಯಲ್ಲಿ ಗೀರುಬಿದ್ದಿದ್ದರೆ ಗಾಜಿನ ಹಲಗೆಯ ಮೇಲೆ ನಯವಾದ ಪುಡಿಯಲ್ಲಿ ಉಜ್ಜಿ ಸಮ ಮಾಡುತ್ತಾರೆ. ಗಂಟೆಗಟ್ಟಲೆ ಹಿಡಿಯುವ ಕೆಲಸವಿದು, ಮಾಡುವವರು ಕಡಿಮೆಯಾಗುತ್ತಿದ್ದಾರೆ. ಇದಾವುದರಿಂದಲೂ ಗುಣ ಕಾಣದಿದ್ದರೆ ಮಾತ್ರ ಕ್ರ್ಯಾಂಕನ್ನು ಬೇರ್ಪಡಿಸುವ ಮಾತು. ಅದು ಯಂತ್ರದ ಹೆರಿಗೆಯಷ್ಟೇ ದೊಡ್ಡ ವಿಚಾರ, ಒತ್ತುಯಂತ್ರವೂ ಪಳಗಿದ ಕೈಯೂ ಇಲ್ಲದಲ್ಲಿ ಮುಟ್ಟಬಾರದು.

ಮತ್ತೆ ಆ ತರುಣನ ವಿಷಯ. ಬಿಸಿಯಲ್ಲಿ ಇಳಿದ ಮುಳ್ಳು ವೇಗದೊಡನೆ ಏರುತ್ತಿದ್ದು, ಒಳಗೆ ಬಡಿತವಿಲ್ಲದೆ, ರಾಕರಿನ ಬಳಿ ಎಣ್ಣೆ ಜಿನುಗುತ್ತಿದ್ದರೆ ಅವನು ನಿಧಾನವಾಗಿ ಮನೆಗೆ ಮರಳಬಹುದು. ವೇಗದೊಡನೆ ಏರದಿದ್ದರೆ, ಅಥವಾ ಎಂದಿಲ್ಲದಂತೆ ಒಮ್ಮೆಲೇ ಎತ್ತರಕ್ಕೆ ನೆಗೆದಿದ್ದರೆ, ಇಂಜಿನನ್ನು ನಿಲ್ಲಿಸಿ ಟೆಂಪೋ ಒಂದನ್ನು ಕರೆಸುವುದೇ ಸರಿ. ದುರಸ್ತಿಯಾದ ಮೇಲೂ ಕೂಡಲೇ ಬಾಳೆಬರೆಗೆ ಹೊರಡಬಾರದು. ಒಣಗಿದ ನಾಳಗಳಲ್ಲಿ ಗಾಳಿ ತುಂಬಿರುತ್ತದೆ; ಬಿರಡೆಯನ್ನು ಸಡಿಲಿಸಿ, ಗುಳ್ಳೆಯಿಲ್ಲದೆ ಎಣ್ಣೆ ಬರುವವರೆಗೆ ಕಾದು, ಬಿಗಿಯಬೇಕು. ತರುವಾಯ ಕುಂದಾಪುರ, ಬ್ರಹ್ಮಾವರಗಳ ಸಮತಟ್ಟಾದ ರಸ್ತೆಯಲ್ಲಿ ಕೆಲವು ದಿನ ಓಡಿಸಿ, ಬಿಸಿಯಾದ ಒತ್ತಡವನ್ನು ಮಂದಗತಿಯಲ್ಲೊಮ್ಮೆ, ನಡುವೇಗದಲ್ಲೊಮ್ಮೆ ಬರೆದಿಡಬೇಕು. ಆಮೇಲೆ ಎಣ್ಣೆಯನ್ನು ಬಿಸಿಯಿರುವಾಗಲೇ ಇಳಿಸಿ, ಹಳೆಯ ಬಿಳಿಪಂಚೆಯ ತುಂಡೊಂದರಲ್ಲಿ ಸೋಸಿ ನೋಡುತ್ತಾರೆ. ಬೆಳ್ಳಿಯ ಬಣ್ಣದ ಹುಡಿಯೋ ಕಂಚಿನ ಮಿನುಗೋ ಕಂಡರೆ ಬೇರಿಂಗು ಇನ್ನೂ ಸವೆಯುತ್ತಿದೆ; ಅಯಸ್ಕಾಂತಕ್ಕೆ ಅಂಟುವ ಚೂರುಗಳಿದ್ದರೆ ಉಕ್ಕಿನ ಭಾಗವೊಂದು ತೇಯುತ್ತಿದೆ. ಬಟ್ಟೆಯ ಮೇಲೆ ಬರಿಯ ಕಪ್ಪು ಕಲೆ ಮಾತ್ರ ಉಳಿದಿದ್ದರೆ ಹೊಸ ಎಣ್ಣೆ ತುಂಬಿ, ಹಿಂದಿನ ಪೀಠದವರಿಗೆ ಸಿದ್ಧವಾಗುವಂತೆ ಹೇಳಬಹುದು.